ಹಿಂದಿನ ಸಾಲಿನ ಡ್ರಿಲ್

ಹಿಂದಿನ ಸಾಲಿನವರಿಗೆ ನಾನು ಡ್ರಿಲ್ ಮಾಡಿಸಲಿಲ್ಲ. ಮಾಡಿಸಿದೆ ಎಂದು ಹೇಳಿದೆ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಕ್ರಮವಾಗಿ ಹೇಳಲು ನನಗೆ ಧೈರ್ಯ ಬರಬಹುದು.

ಆಗ ನಾನು ಒಮಾನಿನಲ್ಲಿ, ಮಸ್ಕತ್ ಹತ್ತಿರದ ಸೀಬ್‌ನ ಹೊರಗೆ, ಒಂದು ಕಂಪನಿಯ ಕಾರ್ಮಿಕರ ವಸತಿಯಲ್ಲಿ ಕ್ಯಾಂಪ್ ಬಾಸ್ ಆಗಿದ್ದೆ. ಹೆಸರಿಗೆ ಮಾತ್ರ ಬಾಸ್. ರೂಮು ಹಂಚುವುದು, ನೀರಿನ ಟ್ಯಾಂಕರಿಗೆ ಫೋನ್ ಮಾಡುವುದು, ಏಸಿ ಕೆಟ್ಟರೆ ಮೆಕ್ಯಾನಿಕನನ್ನು ಕರೆಸುವುದು, ಅಡುಗೆಮನೆಯ ಜಗಳ ಬಿಡಿಸುವುದು, ಇಷ್ಟೇ ಕೆಲಸ. ಕಾಂಪೌಂಡಿನೊಳಗೆ ಎರಡು ಸಾಲು ರೂಮುಗಳಿದ್ದವು. ಮುಂದಿನ ಸಾಲಿನಲ್ಲಿ ಹಗಲು ಸೈಟಿಗೆ ಹೋಗುವವರು. ಹಿಂದಿನ ಸಾಲಿನಲ್ಲಿ ಕಂಪನಿಯದೇ ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುವವರು. ಅವರು ಬೆಳಗ್ಗೆ ಬಂದು ಸ್ನಾನ ಮಾಡಿ ಮಲಗಿದರೆ ಇಳಿಹೊತ್ತಿನ ಅಸರ್ ಬಾಂಗಿನವರೆಗೆ ಏಳುತ್ತಿರಲಿಲ್ಲ. ಎರಡು ಸಾಲುಗಳ ನಡುವೆ ಒಂದು ಓಣಿ, ಅದರ ಮಧ್ಯೆ ಚರಂಡಿ. ಕಾಂಪೌಂಡಿನ ಪಕ್ಕದಲ್ಲಿ ವಾದಿ, ಅಂದರೆ ಒಣ ಹೊಳೆ. ವರ್ಷದ ಹೆಚ್ಚಿನ ದಿನ ಅದು ಬರೀ ಜಲ್ಲಿಕಲ್ಲು. ಶುಕ್ರವಾರ ನಮ್ಮವರು ಅದರಲ್ಲಿ ಕ್ರಿಕೆಟ್ ಆಡುತ್ತಿದ್ದರು.

ಒಂದು ದಿನ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಫೋನ್ ಮಾಡಿ ಯೂನಿವರ್ಸಿಟಿಯವರು ಬರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡು ಎಂದ. ಬಂದವರು ಒಬ್ಬ ಒಮಾನಿ ಪ್ರೊಫೆಸರ್ ಮತ್ತು ಮೂವರು ವಿದ್ಯಾರ್ಥಿಗಳು. ನೆರೆ, ಭೂಕಂಪ, ಚಂಡಮಾರುತಗಳ ಬಗ್ಗೆ ಕಲಿಯುವ ಕೋರ್ಸಂತೆ. ಬರೀ ಪುಸ್ತಕ ಓದಿದರೆ ಪಾಸಿಲ್ಲ. ಒಂದು ನಿಜವಾದ ಜನವಸತಿಯನ್ನು ಆರಿಸಿಕೊಂಡು, ಅಲ್ಲಿಯ ಜನರ ಜೊತೆ ಕೂತು, ವಿಪತ್ತು ಬಂದರೆ ಯಾರು ಏನು ಮಾಡಬೇಕು ಎಂಬ ಯೋಜನೆ ತಯಾರಿಸಿ, ಅದನ್ನು ಅಭ್ಯಾಸ ಮಾಡಿಸಿ ತೋರಿಸಬೇಕು. ಮೂವರಲ್ಲಿ ಇಬ್ಬರು ಒಮಾನಿ ಹುಡುಗರು. ಮುಂದಾಳು ಮಾತ್ರ ನಮ್ಮ ಕಡೆಯ ಹುಡುಗಿ. ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಹುಟ್ಟಿ ಬೆಳೆದ ಕೊಂಕಣಿ ಕ್ರಿಶ್ಚಿಯನ್ ಮನೆಯವಳು.

“ಅಂಕಲ್, ನೀವು ಊರಲ್ಲಿ ಎಲ್ಲಿ?” ಎಂದು ಕೇಳಿದಳು.

“ಪುತ್ತೂರಿನ ಹತ್ತಿರ, ಮಗಳೇ.”

“ನಮ್ಮ ಡ್ಯಾಡಿ ಉಡುಪಿ. ನಂಗೆ ಕನ್ನಡ ಸ್ವಲ್ಪ ಸ್ವಲ್ಪ ಬರ್ತದೆ. ತಪ್ಪಾದ್ರೆ ನಗ್ಬೇಡಿ.”

ನಾನು ನಗಲಿಲ್ಲ. ಆದರೆ ಒಳಗೊಳಗೇ ಒಂದು ಉಡಾಫೆ ಇತ್ತು. ನೇತ್ರಾವತಿಯ ನೆರೆ ನೋಡಿ ಬೆಳೆದವನಿಗೆ, ವರ್ಷಕ್ಕೆ ನಾಲ್ಕು ಹನಿ ಬೀಳುವ ದೇಶದ ಹುಡುಗಿ ಮಳೆಯ ಪಾಠ ಹೇಳಲು ಬಂದಿದ್ದಾಳೆ ಎಂದುಕೊಂಡೆ.

ಅವಳ ಕೆಲಸದ ಕ್ರಮ ಮಾತ್ರ ಅಚ್ಚುಕಟ್ಟಾಗಿತ್ತು. ಮೊದಲ ಸಲ ಬಂದಾಗ ಗೋಡೆಗಳನ್ನಷ್ಟೇ ನೋಡಿದಳು. ಮೆಸ್ಸಿನ ಹಿಂದೆ ಹಳೆಯ ಕೆಸರಿನ ಗೆರೆಯೊಂದಿತ್ತು. ಬಣ್ಣ ಬಳಿದ ಮೇಲೂ ಅದು ಮಸುಕಾಗಿ ಕಾಣುತ್ತಿತ್ತು. ಅದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದಳು. ವಾದಿಯ ಬೇಲಿಯಲ್ಲಿ ಎದೆಯೆತ್ತರಕ್ಕೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೂರುಗಳ ಫೋಟೋ ತೆಗೆದಳು. ಎರಡನೆಯ ಸಲ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ನೋಡುವ ಯಂತ್ರ ಇಟ್ಟು, ಹುಡುಗರ ಕೈಯಲ್ಲಿ ಅಳತೆಯ ಕೋಲು ಹಿಡಿಸಿ, ಇಡೀ ಅಂಗಳದ ಏರುತಗ್ಗು ಅಳೆದಳು. ಹಿಂದಿನ ಗೋಡೆ ವಾದಿಗೆ ಹತ್ತಿರ, ಆದ್ದರಿಂದ ನೀರು ಬಂದರೆ ಹಿಂದಿನಿಂದಲೇ ಎಂದು ನಾವೆಲ್ಲ ತಿಳಿದಿದ್ದೆವು. ಅಳತೆ ಬೇರೆಯೇ ಹೇಳಿತು. ಮುಂದಿನ ರಸ್ತೆಯ ಕೆಳಗಿನ ಮೋರಿ ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆಯೇ ತಿರುಗಿ ಮುಂದಿನ ಗೇಟಿನಿಂದ ಒಳಗೆ ಬರುತ್ತದೆ, ಮೊದಲು ತುಂಬುವುದು ಎರಡು ಸಾಲುಗಳ ನಡುವಿನ ಓಣಿ. ಹಿಂದಿನ ಗೇಟಿನ ಆಚೆ ಮಾತ್ರ ಎತ್ತರದ ಮಣ್ಣುರಸ್ತೆ.

ಮೂರನೆಯ ಸಲ ಮೆಸ್ಸಿನ ನೆಲದ ಮೇಲೆ ಸೀಮೆಸುಣ್ಣದಿಂದ ಇಡೀ ಕ್ಯಾಂಪಿನ ನಕ್ಷೆ ಬರೆಸಿದಳು. ಬರೆದವರು ನಮ್ಮವರೇ. ಹಿಂದಿಯಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ ನಾನು ಅವಳ ಮಾತು ದಾಟಿಸುತ್ತಿದ್ದೆ. ಬೇಕರಿಯವರ ಪೈಕಿ ಹಿರಿಯ ಒಬ್ಬ ಇದ್ದ. ಉಪ್ಪಿನಂಗಡಿಯವನು, ಹೆಚ್ಚುಕಡಿಮೆ ನನ್ನದೇ ಪ್ರಾಯ. ಕುಬ್ಬೂಸ್ ರೊಟ್ಟಿ ಸುಡುವ ಭಟ್ಟಿಯ ಮುಂದೆ ನಿಲ್ಲುವವನಾದ್ದರಿಂದ ಎಲ್ಲರಿಗೂ ಅವನು ಭಟ್ಟಿಕಾಕ. ಅವನು ಗೋಡೆಗೊರಗಿ ಕೂತು ಕೀಟಲೆ ಮಾಡಿದ.

“ಮಗಳೇ, ನಮ್ಮಲ್ಲಿ ಆಟಿ ತಿಂಗಳಲ್ಲಿ ಬರುವ ಮಳೆಯ ಅರ್ಧ ಇಲ್ಲಿ ಬಂದ್ರೆ ಈ ಮಸ್ಕತ್ ತೇಲಿಕೊಂಡು ದುಬೈಗೆ ಮುಟ್ತದೆ. ನಮಗೆ ಎಂಥ ಮಳೆ ಹೇಳಿಕೊಡೂದು?”

“ಕಾಕ, ನಿಮ್ಮಲ್ಲಿ ಮಣ್ಣು ನೀರು ಕುಡೀತದೆ. ಇಲ್ಲಿ ಬರೀ ಕಲ್ಲು, ಕುಡಿಯೋದಿಲ್ಲ. ಗುಡ್ಡದಲ್ಲಿ ಮಳೆ ಬಂದ್ರೆ ಇಲ್ಲಿ ಬಿಸಿಲು ಇರುವಾಗ್ಲೇ ವಾದಿ ಬರ್ತದೆ.”

“ಬಿಸಿಲಲ್ಲಿ ನೆರೆ! ಕೇಳಿದಿಯಾ ಮಾರಾಯ?” ಎಂದು ನನ್ನ ಕಡೆ ಕಣ್ಣು ಮಿಟುಕಿಸಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಯೋಜನೆ ತಯಾರಾಯಿತು. ಮುಂದಿನ ಸಾಲಿನವರು ಮೆಸ್ಸಿನ ಪಕ್ಕದ ಬಾಗಿಲಿನಿಂದ ಹೊರಟು ಮಸೀದಿಯ ಎತ್ತರದ ಅಂಗಳಕ್ಕೆ ಹೋಗಬೇಕು. ಹಿಂದಿನ ಸಾಲಿನವರು ಯಾವ ಕಾರಣಕ್ಕೂ ಓಣಿಗೆ ಇಳಿಯದೆ, ಜಗಲಿಯ ಮೇಲೆಯೇ ನಡೆದು ಹಿಂದಿನ ಗೇಟಿನಿಂದ ಮಣ್ಣುರಸ್ತೆಗೆ ಹತ್ತಬೇಕು. ವಿಸಿಲ್ ಊದುವುದು, ಬಾಗಿಲು ತಟ್ಟುವುದು ನನ್ನ ಪಾಲಿಗೆ. ಹುಡುಗಿ ರಟ್ಟಿನಲ್ಲಿ ಬಾಣ ಕತ್ತರಿಸಿ, ಗೋಡೆಗೆ ಒತ್ತಿ ಹಿಡಿದು, ಹಸಿರು ಬಣ್ಣ ಸಿಂಪಡಿಸುತ್ತಾ ಹಿಂದಿನ ಗೇಟಿನವರೆಗೂ ಬಂದಳು. ಅಲ್ಲಿ ನಿಂತಳು.

ಆ ಗೇಟಿಗೆ ಸರಪಳಿ ಹಾಕಿ ಬೀಗ ಜಡಿದವನು ನಾನೇ. ಹೊರಗಿನ ಆಡುಗಳು ನುಗ್ಗಿ ಒಣಗಲು ಹಾಕಿದ ಬಟ್ಟೆ ತಿನ್ನುತ್ತಿದ್ದವು. ಆಮೇಲೆ ಮುರಿದ ಕಬ್ಬಿಣದ ಮಂಚಗಳು, ಕೆಟ್ಟ ಏಸಿಗಳು ಒಂದೊಂದಾಗಿ ಅಲ್ಲೇ ರಾಶಿ ಬಿದ್ದಿದ್ದವು.

“ಅಂಕಲ್, ಇದು ಓಪನ್ ಆಗ್ತದಾ?”

“ಆಗ್ತದೆ. ಸಾಮಾನೆಲ್ಲ ತೆಗೆಸ್ತೇನೆ. ನೀನು ತಲೆಬಿಸಿ ಮಾಡ್ಬೇಡ.”

ಅವಳು ಗೇಟಿನ ಪಕ್ಕದ ಗೋಡೆಯ ಮೇಲೆ ಕೊನೆಯ ಬಾಣ ಹಾಕಿದಳು.

ಮುಂದಿನ ಸಾಲಿನ ಡ್ರಿಲ್ ಒಂದು ಶುಕ್ರವಾರ ಸಂಜೆ ನಡೆಯಿತು. ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ವಿಸಿಲ್ ಕೇಳಿದ್ದೇ ಕೆಲವರು ವೀಸಾ ಚೆಕಿಂಗ್ ಎಂದುಕೊಂಡು ಕಕ್ಕಸಿನಲ್ಲಿ ಅಡಗಿದರು. ಒಬ್ಬ ಪ್ರೆಶರ್ ಕುಕ್ಕರ್ ಎತ್ತಿಕೊಂಡು ಬಂದ. ಹುಡುಗಿ ಬೇಸರಿಸಲಿಲ್ಲ. ಮುಂದಿನ ವಾರ ಊಟದ ಹೊತ್ತಿನಲ್ಲಿ ಎಲ್ಲರಿಗೂ ಮತ್ತೊಮ್ಮೆ ವಿವರಿಸಲು ನನಗೆ ಹೇಳಿದಳು. ಎರಡನೆಯ ಪ್ರಯತ್ನದಲ್ಲಿ ಎಲ್ಲರೂ ಸರಿಯಾಗಿ ಮಸೀದಿಯ ಅಂಗಳ ಸೇರಿದರು. ಪ್ರೊಫೆಸರ್ ಅಲ್ಲಿ ನಿಂತು ನೋಡಿ ಅವಳ ಬೆನ್ನು ತಟ್ಟಿದರು.

ಹಿಂದಿನ ಸಾಲಿನವರಿಗೆ ಡ್ರಿಲ್ ಹಗಲಿನಲ್ಲೇ, ಅವರು ಮಲಗಿದ್ದಾಗಲೇ ಮಾಡಿಸಬೇಕಿತ್ತು. ಆ ಹೊತ್ತಿಗೆ ವಿದ್ಯಾರ್ಥಿಗಳಿಗೆ ತರಗತಿ.

“ಅಂಕಲ್, ನೀವೇ ಮಾಡಿಸ್ತೀರಾ? ಎಲ್ರೂ ಹೊರಗೆ ಬರ್ಲಿಕ್ಕೆ ಎಷ್ಟು ಹೊತ್ತು ಆಯ್ತು, ಯಾರಿಗೆ ಕಷ್ಟ ಆಯ್ತು, ಅಷ್ಟು ಹೇಳಿದ್ರೆ ಸಾಕು.”

ಅದು ರಂಜಾನ್ ತಿಂಗಳು. ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತು, ನಸುಕಿನಲ್ಲಿ ಸಹರಿ ಉಂಡು, ಉಪವಾಸದಲ್ಲಿ ಮಲಗಿದವರನ್ನು ಹೇಗೆ ಎಬ್ಬಿಸುವುದು? ಕನಿಕರದಿಂದ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ದಿನ ಹಾಗೇ ಹೇಳಿಕೊಂಡೆ. ನಿಜ ಅದಲ್ಲ. ಡ್ರಿಲ್ ಮಾಡಿಸಬೇಕಾದರೆ ಗೇಟು ತೆರೆಯಬೇಕು. ಗೇಟು ತೆರೆಯಬೇಕಾದರೆ ಆ ಮಂಚಗಳನ್ನೂ ಏಸಿಗಳನ್ನೂ ಎತ್ತಿಸಬೇಕು, ಪಿಕಪ್ ಕರೆಸಬೇಕು, ಅವನ್ನೆಲ್ಲ ಎಲ್ಲಿ ಹಾಕಲಿ ಎಂದು ಮುದೀರನನ್ನು ಕೇಳಬೇಕು. ಅದು ಅರ್ಧ ದಿನದ ರಗಳೆ. ಬಾರದ ನೆರೆಗೆ ಯಾಕೆ ಎಂದುಕೊಂಡೆ. ಮೆಸ್ಸಿನಲ್ಲಿ ಕೂತು ಅವಳಿಗೆ ವಾಯ್ಸ್ ಮೆಸೇಜ್ ಕಳಿಸಿದೆ: “ಹಿಂದಿನ ಸಾಲಿಂದು ಆಯ್ತು ಮಗಳೇ. ಹತ್ತು ನಿಮಿಷದ ಒಳಗೆ ಎಲ್ಲ ಹೊರಗೆ. ಯಾರಿಗೂ ಕಷ್ಟ ಇಲ್ಲ.”

“ಥ್ಯಾಂಕ್ಯೂ ಅಂಕಲ್! ನೀವು ಇಲ್ದಿದ್ರೆ ಈ ಪ್ರಾಜೆಕ್ಟೇ ಆಗ್ತಿರ್ಲಿಲ್ಲ” ಎಂದು ಉತ್ತರ ಬಂತು. ಅದನ್ನು ಇನ್ನೊಮ್ಮೆ ಹಾಕಿ ಕೇಳಿ ಸಂತೋಷಪಟ್ಟೆ.

ಹಬ್ಬ ಕಳೆದು ಕೆಲವು ವಾರಗಳಾಗಿದ್ದವು. ವಾಯುಭಾರ ಕುಸಿತವಾಗಿದೆ, ಮಳೆ ಬರಬಹುದು ಎಂದು ಎಲ್ಲರ ಫೋನಿಗೂ ಎಚ್ಚರಿಕೆ ಬಂತು. ಶಾಲೆಗಳಿಗೆ ರಜೆ ಕೊಟ್ಟರು. ನಮ್ಮ ಕಂಪನಿ ಮಾತ್ರ ಮಧ್ಯಾಹ್ನದವರೆಗೆ ಕೆಲಸ ಮಾಡಿ ಎಂದು ಹಗಲಿನವರನ್ನು ಸೈಟಿಗೆ ಕಳಿಸಿತ್ತು. ಮುಂದಿನ ಸಾಲು ಖಾಲಿ. ಹಿಂದಿನ ಸಾಲಿನಲ್ಲಿ ಬೇಕರಿಯವರು ಪರದೆ ಎಳೆದು, ಏಸಿ ಹಾಕಿ ಮಲಗಿದ್ದರು. ಬೆಳಗ್ಗೆ ಒಂದಿಷ್ಟು ಹನಿ ಬಿದ್ದು ನಿಂತಿತು. ಆಮೇಲೆ ಬಿಸಿಲೂ ಬಂತು. ಗುಡ್ಡದ ಕಡೆ ಮಾತ್ರ ಆಕಾಶ ಕಪ್ಪಾಗಿತ್ತು.

ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಬರುವಾಗ ಹುಡುಗಿಯ ಫೋನ್ ಬಂತು.

“ಅಂಕಲ್, ಮೇಲೆ ಗುಡ್ಡದಲ್ಲಿ ತುಂಬಾ ಮಳೆ. ಸರ್‌ನ ಪರಿಚಯದವರು ಅಲ್ಲಿಂದ ವೀಡಿಯೊ ಕಳಿಸಿದ್ದಾರೆ, ವಾದಿ ಶುರುವಾಗಿದೆ. ಹಿಂದಿನ ಸಾಲಿನವರನ್ನು ಈಗಲೇ ಎಬ್ಬಿಸಿ.”

“ಇಲ್ಲಿ ಬಿಸಿಲುಂಟು ಮಗಳೇ.”

“ಪ್ಲೀಸ್ ಅಂಕಲ್, ಆಕಾಶ ನೋಡ್ಬೇಡಿ. ಎಬ್ಬಿಸಿ. ಅವ್ರಿಗೆ ಡ್ರಿಲ್ ಆಗಿದೆ ಅಲ್ವಾ, ಹತ್ತು ನಿಮಿಷದಲ್ಲಿ ಬರ್ತಾರೆ.”

ಫೋನ್ ಇಟ್ಟೆ. ವಾದಿಯ ಕಡೆ ನೋಡಿದೆ. ಕಲ್ಲುಗಳು ಒಣಗಿಯೇ ಇದ್ದವು. ನಮ್ಮ ಊರಿನಲ್ಲಿ ನೆರೆ ಬರುವುದಾದರೆ ಮೊದಲು ದಿನಗಟ್ಟಲೆ ಮಳೆ ಹೊಡೆಯುತ್ತದೆ, ಹೊಳೆ ಕೆಂಪಾಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಓಡಲು ಹೊತ್ತು ಕೊಡುತ್ತದೆ. ಇಲ್ಲೂ ಕೊಡುತ್ತದೆ ಎಂದು ಲೆಕ್ಕ ಹಾಕಿದೆ. ಕಿಸೆಯಲ್ಲಿ ವಿಸಿಲ್ ಇತ್ತು. ಊದಿದ್ದರೆ ಎಲ್ಲರೂ ಎದ್ದು ಗೇಟಿಗೆ ಬಂದು, ಗೇಟು ಮುಚ್ಚಿರುವುದನ್ನು ನೋಡುತ್ತಿದ್ದರು. ಆಗ ಮುಂದಿನ ಗೇಟಿನಿಂದಲಾದರೂ ಹೊರಗೆ ಕಳಿಸಬಹುದಿತ್ತು. ನೆಲ ಇನ್ನೂ ಒಣಗಿತ್ತು. ನಾನು ಊದಲಿಲ್ಲ. ಮೊದಲು ಗೇಟು ಬಿಡಿಸಿಬಿಡುತ್ತೇನೆ, ಆಮೇಲೆ ಎಬ್ಬಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಓಡಿದೆ. ಅವರ ಜೀವಕ್ಕಿಂತ ಮುಂಚೆ ನನ್ನ ಸುಳ್ಳನ್ನು ಕಾಪಾಡಲು ಹೋದೆ. ಇದಕ್ಕಿಂತ ನಯವಾಗಿ ಹೇಳುವ ದಾರಿ ನನಗೆ ಸಿಕ್ಕಿಲ್ಲ.

ಬೀಗ ತುಕ್ಕು ಹಿಡಿದಿತ್ತು. ಕೀಲಿ ಒಳಗೆ ಹೋಯಿತು, ತಿರುಗಲಿಲ್ಲ. ಅಡುಗೆಮನೆಯಿಂದ ಎಣ್ಣೆ ತಂದು ಸುರಿದೆ. ಮಂಚಗಳ ಕಾಲುಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಒಂದನ್ನು ಎಳೆದರೆ ಮೂರು ಬರುತ್ತಿದ್ದವು. ಒಂದು ಏಸಿಯನ್ನು ಉರುಳಿಸುವಷ್ಟರಲ್ಲಿ ಉಸಿರು ಕಟ್ಟಿತು. ಕಿಸೆಯಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ತೆಗೆಯಲಿಲ್ಲ. ಒಂದು ಸಲ ಎದ್ದು ನಿಂತು, ಹೋಗಲಿ, ಎಬ್ಬಿಸಿಬಿಡುತ್ತೇನೆ ಎಂದುಕೊಂಡೆ. ಇನ್ನು ನಾಲ್ಕೈದು ಮಂಚ ತಾನೇ ಎನಿಸಿ ಮತ್ತೆ ಬಗ್ಗಿದೆ.

ಆಗ ಸದ್ದು ಕೇಳಿತು. ಟಿಪ್ಪರ್ ಲಾರಿಗಳು ಸಾಲಾಗಿ ನಿಂತು ಜಲ್ಲಿ ಸುರಿದ ಹಾಗೆ. ನೀರಿನ ಸದ್ದು ಎಂದು ತಿಳಿಯಲೇ ಇಲ್ಲ. ತಿರುಗಿ ನೋಡಿದರೆ ಓಣಿಯ ಆ ತುದಿಯಲ್ಲಿ ಮುಂದಿನ ಗೇಟಿನ ಕಡೆಯಿಂದ ಕಂದು ಬಣ್ಣದ ನೀರು, ಮೇಲೆ ಕಸ, ಹಲಗೆ, ಯಾರದೋ ಗ್ಯಾಸ್ ಸಿಲಿಂಡರ್, ಎಲ್ಲ ಒಟ್ಟಿಗೆ ಒಳಗೆ ಬರುತ್ತಿತ್ತು. ತಲೆಯ ಮೇಲೆ ಆಗಲೂ ಬಿಸಿಲು.

ವಿಸಿಲ್ ಊದಿದೆ. ಬಾಗಿಲು ಬಾಗಿಲು ಬಡಿಯುತ್ತಾ ಜಗಲಿಯ ಮೇಲೆ ಓಡಿದೆ. ನಿದ್ದೆಗಣ್ಣಿನಲ್ಲಿ ಲುಂಗಿ ಹಿಡಿದುಕೊಂಡು ಬಂದವರಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ಹಸಿರು ಬಾಣ. ಓಣಿಗೆ ಯಾರೂ ಇಳಿಯಲಿಲ್ಲ. ಅಷ್ಟು ಪಾಠ ಅವರ ತಲೆಯಲ್ಲಿ ಉಳಿದಿತ್ತು. ಬಾಣ ತೋರಿಸಿದ ಕಡೆಗೇ ಓಡಿದರು. ಗೇಟಿನ ಮುಂದೆ ಗುಂಪಾಗಿ ನಿಂತರು.

“ಬೀಗ ತೆಗಿ ಮಾರಾಯ!” ಭಟ್ಟಿಕಾಕ ಕೂಗಿದ. “ಎಂಥ ನೋಡ್ತಾ ನಿಂತಿದ್ದಿ?”

“ತಿರುಗುದಿಲ್ಲ.”

“ಯಾ ಅಲ್ಲಾ! ಹಾಗಾದ್ರೆ ನಮ್ಮನ್ನು ಇಲ್ಲಿಗೆ ಯಾಕೆ ಕಳಿಸಿದ್ದು?”

ನೀರು ಓಣಿ ತುಂಬಿ ಜಗಲಿಗೆ ಹತ್ತಿತು. ಪಾದ ಮುಳುಗಿತು. ಇಬ್ಬರು ಗೇಟನ್ನು ಒದೆಯುತ್ತಿದ್ದರು. ಒಬ್ಬ ಅಳುತ್ತಾ ಮನೆಗೆ ಫೋನ್ ಮಾಡುತ್ತಿದ್ದ. ಗೇಟು ಇವತ್ತು ತೆರೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಒಂದು ಕ್ಷಣ ಬೇಕಾಯಿತು. ಒಪ್ಪಿಕೊಂಡ ಮೇಲೆ ತಲೆ ಓಡಿತು. “ಗೇಟು ಬಿಡಿ! ಮಂಚ ಗೋಡೆಗೆ ಒರಗಿಸಿ, ಏಣಿಯ ಹಾಗೆ!” ಎಂದು ಕೂಗಿದೆ. ಅಲ್ಲಿಯವರೆಗೆ ಎಳೆದೆಳೆದು ಬಿಸಾಡುತ್ತಿದ್ದ ಮಂಚಗಳನ್ನು ಗೋಡೆಗೆ ಒರಗಿಸಿ, ಒಂದರ ಮೇಲೊಂದು ಇಟ್ಟೆವು. ಭಟ್ಟಿಕಾಕ ಕೆಳಗೆ ನಿಂತು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದ. ಒಬ್ಬೊಬ್ಬರಾಗಿ ಅವನ ಹೆಗಲು ಮೆಟ್ಟಿ ಹತ್ತಿ ಆಚೆ ಹಾರಿದರು. ನೀರು ತೊಡೆಗೆ ಬಂತು.

“ನೀನು ಹತ್ತು” ಎಂದು ಅವನಿಗೆ ಹೇಳಿದೆ.

“ನನ್ನ ಹೊಟ್ಟೆ ಎತ್ತಲಿಕ್ಕೆ ಕೆಳಗೆ ಒಬ್ಬ ಸಾಲುದಿಲ್ಲ, ಮೇಲಿಂದಲೂ ಎಳೀಬೇಕು. ನೀನು ಮೊದಲು ಹತ್ತಿ ಕೈ ಕೊಡು.”

ನಾನು ಹತ್ತಿ ಗೋಡೆಯ ಮೇಲೆ ಕೂತು ಕೈ ಚಾಚಿದೆ. ಅವನು ಮೊದಲ ಮಂಚಕ್ಕೆ ಕಾಲಿಟ್ಟ. ಅಷ್ಟರಲ್ಲಿ ಗೇಟಿನ ಪಕ್ಕದ ಗೋಡೆ, ಒಳಬದಿಯ ಬುಡದ ಮಣ್ಣು ಕೊಚ್ಚಿಹೋಗಿ, ಒಳಗಡೆಗೆ ವಾಲಿ ಬಿತ್ತು. ಗೋಡೆಯ ಜೊತೆ ನಾನೂ ಬಿದ್ದೆ. ಎದ್ದು ನೋಡಿದಾಗ ಒಡೆದ ಜಾಗದಿಂದ ನೀರು ಮಣ್ಣುರಸ್ತೆಯ ಬದಿಯ ತಗ್ಗಿಗೆ ನುಗ್ಗುತ್ತಿತ್ತು. ಅವನು ಸೊಂಟದವರೆಗೆ ನೀರಿನಲ್ಲಿ, ಮಂಚದ ಕಂಬಿ ಹಿಡಿದುಕೊಂಡು, ಬಾಯಿ ತೆರೆದು ಸದ್ದಿಲ್ಲದೆ ನಿಂತಿದ್ದ. ಬಲಗಾಲು ಇಟ್ಟಿಗೆಗಳ ಅಡಿಯಲ್ಲಿತ್ತು. ಆಚೆ ಹಾರಿದ್ದವರೇ ವಾಪಸು ಇಳಿದು ಬಂದು, ಕೈಯಿಂದಲೇ ಇಟ್ಟಿಗೆ ಎತ್ತಿ, ಅವನನ್ನು ಹೊತ್ತು ಮಣ್ಣುರಸ್ತೆಗೆ ತಂದರು.

ಎಲ್ಲರೂ ಬದುಕಿದರು. ಭಟ್ಟಿಕಾಕನ ಕಾಲು ಮೊಣಕಾಲಿನ ಕೆಳಗೆ ಪುಡಿಯಾಗಿತ್ತು. ಆಪರೇಷನ್ ಮಾಡಿ ಕಬ್ಬಿಣದ ಪಟ್ಟಿ ಹಾಕಿದರು. ಇನ್ನು ಭಟ್ಟಿಯ ಮುಂದೆ ನಿಲ್ಲಲಾಗುವುದಿಲ್ಲ ಎಂದು ಡಾಕ್ಟರ್ ಹೇಳಿದರು.

ಹುಡುಗಿ ಅವನನ್ನು ನೋಡಲು ಆಸ್ಪತ್ರೆಗೆ ಬಂದಾಗ ನಾನು ಹಾಸಿಗೆಯ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಾ ಕೂತಿದ್ದೆ. ಅವನು ಅವಳ ಮುಖ ನೋಡಿದ್ದೇ ಎದ್ದು ಕೂರಲು ನೋಡಿದ.

“ಬಂದ್ಲು ನೋಡು, ಬಾಣ ಬರೆದವಳು! ಮುಂದಿನ ಸಾಲಿನವರಿಗೆ ಡ್ರಿಲ್, ಫೋಟೋ, ಎಲ್ಲ. ನಮಗೆ ಗೋಡೆಯ ಮೇಲೆ ಪೈಂಟು. ಆ ಗೇಟು ತೆರೀತದಾ ಅಂತ ಒಂದು ದಿನ ಬಂದು ನೋಡಿದ್ದಿಯಾ? ನಿನಗೆ ಮಾರ್ಕು ಸಿಕ್ಕಿರ್ಬಹುದು. ನನ್ನ ಕಾಲು ತಿಂದ ಮಾರ್ಕು ನಿನಗೆ ಹತ್ತುದಿಲ್ಲ, ನೋಡ್ತಾ ಇರು!”

ಅವಳು ಬಾಗಿಲಲ್ಲೇ ನಿಂತಿದ್ದಳು. ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಕಿತ್ತಳೆಯ ನಾರು ತೆಗೆಯುತ್ತಿದ್ದೆ.

ಹೊರಗಿನ ಕಾರಿಡಾರಿನಲ್ಲಿ ಕೇಳಿದಳು. “ಅಂಕಲ್, ಕಾಕ ಯಾಕೆ ಡ್ರಿಲ್ ಆಗ್ಲಿಲ್ಲ ಅಂತಾರೆ?”

ಇದು ನನ್ನ ಎರಡನೆಯ ಸುಳ್ಳು. ಮೊದಲನೆಯದಕ್ಕೆ ಸೋಮಾರಿತನದ ನೆಪವಾದರೂ ಇತ್ತು. “ನೋವಿನ ಇಂಜೆಕ್ಷನ್ ಮಗಳೇ. ಅವನಿಗೆ ನೆನಪು ಸರಿ ಇಲ್ಲ” ಎಂದೆ.

ಅವಳು ನಂಬಿದಳು. “ಆದ್ರೂ ನಾನು ಬಂದು ಗೇಟ್ ನೋಡ್ಬೇಕಿತ್ತು” ಎಂದು ಹೇಳಿ ಕಣ್ಣು ಒರೆಸಿಕೊಂಡು ಹೋದಳು.

ಪ್ರೊಫೆಸರ್ ಅಷ್ಟಕ್ಕೆ ಬಿಡಲಿಲ್ಲ. ಯೋಜನೆ ಎಲ್ಲಿ ಸೋತಿತು ಎಂದು ತಿಳಿಯಲು ಬೇಕರಿಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಎಲ್ಲರೂ ಒಂದೇ ಮಾತು ಹೇಳಿದರು, ನಮಗೆ ಡ್ರಿಲ್ ಆಗಲೇ ಇಲ್ಲ. ಹುಡುಗಿಯ ವರದಿಯಲ್ಲಿ ಆಗಿದೆ ಎಂದಿತ್ತು. ಮಾಡದ್ದನ್ನು ಮಾಡಿದೆ ಎಂದು ಬರೆದರೆ ಯೂನಿವರ್ಸಿಟಿಯಲ್ಲಿ ಅದು ಕಳ್ಳತನದ ಹಾಗೆ. ಕೋರ್ಸು ಹೋಗುತ್ತದೆ, ಹೊರಗೂ ಹಾಕಬಹುದು. ವಿಚಾರಣೆಗೆ ಕರೆದರು. ಆ ಸಂಜೆ ಅವಳು ನನಗೆ ಫೋನ್ ಮಾಡಿದಳು.

“ಅಂಕಲ್, ನಿಮ್ಮ ವಾಯ್ಸ್ ಮೆಸೇಜ್ ತೋರಿಸಿದೆ. ಅದು ಸಾಕಾಗ್ಲಿಲ್ಲ. ಕೆಲಸದವನ ಹತ್ರ ಹೀಗೆ ಹೇಳು ಅಂತ ನೀನೇ ಹೇಳಿಸಿರ್ಬಹುದು ಅಂತಾರೆ. ನೀವು ಒಂದ್ಸಲ ಬಂದು, ಡ್ರಿಲ್ ಮಾಡಿಸಿದ್ದು ಹೌದು ಅಂತ ಹೇಳ್ತೀರಾ? ನೀವು ಹೇಳಿದ್ರೆ ನಂಬ್ತಾರೆ.”

ಬರುತ್ತೇನೆ ಎಂದೆ.

ಮರುದಿನ ಮುದೀರ್ ತನ್ನ ಆಫೀಸಿಗೆ ಕರೆಸಿದ. ಚಹಾ ತರಿಸಿದ. ಅವನು ನನಗೆ ಚಹಾ ತರಿಸಿದ್ದು ಅದೇ ಮೊದಲು.

“ಯೂನಿವರ್ಸಿಟಿ ಜಾನಾ ಹೈ? ಜಾವೋ. ಡ್ರಿಲ್ ಹುವಾ ಥಾ ಬೋಲೋ, ಖಲಾಸ್” ಎಂದ. ಡ್ರಿಲ್ ಆಗಿದ್ದರೆ ಗೇಟು ಆಗ ತೆರೆದಿತ್ತು ಎಂದಾಗುತ್ತದೆ, ಸಾಮಾನು ಆಮೇಲೆ ಬಂದದ್ದು ಎಂದಾಗುತ್ತದೆ, ಕಂಪನಿಯ ಮೇಲೆ ಕೇಸು ನಿಲ್ಲುವುದಿಲ್ಲ ಎಂದು ವಿವರಿಸಿದ. ನಿನ್ನ ವೀಸಾ ಈ ತಿಂಗಳು ಹೊಸದಾಗಬೇಕಲ್ಲವೇ ಎಂದೂ ಕೇಳಿದ.

ಯೋಚಿಸಿ ನೋಡಿ. ಸುಳ್ಳು ಹೇಳಿದರೆ ಹುಡುಗಿ ಉಳಿಯುತ್ತಾಳೆ, ಕಂಪನಿ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಯೂನಿವರ್ಸಿಟಿಗೆ ಹೋಗುವ ಟ್ಯಾಕ್ಸಿಯಲ್ಲಿ ನಾನು ಇದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಸುಳ್ಳಾಗುವವರು ಬೇಕರಿಯವರು ಮಾತ್ರ. ಅವರು ಹೇಗೂ ಕೂಲಿಯವರು, ಓದುಬರಹ ಇಲ್ಲ, ನಿದ್ದೆಯಲ್ಲಿದ್ದರು, ನೆನಪಿಲ್ಲ ಎಂದರೆ ಮುಗಿಯಿತು. ಭಟ್ಟಿಕಾಕನಿಗೆ ಇಂಜೆಕ್ಷನ್ ಎಂದು ನಾನು ಆಗಲೇ ಹೇಳಿಯೂ ಆಗಿತ್ತು.

ಉದ್ದ ಮೇಜಿನ ಒಂದು ಬದಿಯಲ್ಲಿ ಪ್ರೊಫೆಸರ್ ಮತ್ತು ಇನ್ನಿಬ್ಬರು. ಇನ್ನೊಂದು ಬದಿಯಲ್ಲಿ ಹುಡುಗಿ, ಅವಳ ಹಿಂದೆ ಟೈ ಕಟ್ಟಿಕೊಂಡು ಆಫೀಸಿನಿಂದ ನೇರವಾಗಿ ಬಂದಿದ್ದ ಅವಳ ತಂದೆ. ಅವರು ನನ್ನ ಕೈ ಹಿಡಿದು, “ಬಂದ್ರಲ್ಲ ಸಾಹೇಬ್ರೇ, ದೊಡ್ಡ ಉಪಕಾರ” ಎಂದರು.

ಪ್ರೊಫೆಸರ್ ಹಿಂದಿಯಲ್ಲಿ ಕೇಳಿದರು. ಕೇಳಿದ ರೀತಿ ನಾನು ಲೆಕ್ಕ ಹಾಕಿದ ಹಾಗಿರಲಿಲ್ಲ. ಡ್ರಿಲ್ ಆಯಿತೋ ಇಲ್ಲವೋ ಎಂದು ಅವರು ಕೇಳಲೇ ಇಲ್ಲ. “ಅವರನ್ನು ಎಬ್ಬಿಸಿದಾಗ ಮೊದಲು ಯಾವ ಬಾಗಿಲು ತಟ್ಟಿದಿರಿ? ಮೊದಲು ಹೊರಗೆ ಬಂದವರು ಯಾರು? ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿ.”

ನೆನಪು ಮಾಡಿಕೊಂಡೆ. ನನಗೆ ನೆನಪಾದ ಬಾಗಿಲು ತಟ್ಟಿದ್ದು ಒಂದೇ ದಿನ, ನೀರು ಬಂದ ದಿನ. ಮೊದಲ ಬಾಗಿಲಿನಲ್ಲಿ ಕಂಡ ಮುಖ ಭಟ್ಟಿಕಾಕನದು. ಆ ಮುಖವನ್ನು ಎತ್ತಿ ತಂದು, ನಡೆಯದ ಡ್ರಿಲ್ಲಿನಲ್ಲಿ ನಿಲ್ಲಿಸಬೇಕಿತ್ತು. ಅವನು ನಗುತ್ತಾ ಹೊರಗೆ ಬಂದ, ಗೇಟು ತೆರೆದಿತ್ತು, ಎರಡೂ ಕಾಲಿನಲ್ಲಿ ನಡೆದು ಮಣ್ಣುರಸ್ತೆಗೆ ಹೋದ ಎಂದು ಹೇಳಬೇಕಿತ್ತು. ಆ ಸುಳ್ಳು ಬಾಯಿಗೆ ಬರಲಿಲ್ಲ.

“ಯಾವ ಬಾಗಿಲೂ ತಟ್ಟಲಿಲ್ಲ ಸರ್” ಎಂದೆ. “ಡ್ರಿಲ್ ಆಗಿಲ್ಲ. ಈ ಹುಡುಗಿಗೆ ನಾನು ಸುಳ್ಳು ಹೇಳಿದೆ. ಗೇಟಿನ ಮುಂದೆ ಸಾಮಾನು ಮೊದಲೇ ಇತ್ತು. ಅವಳು ಫೋನ್ ಮಾಡಿದಾಗಲೂ ಎಬ್ಬಿಸಲಿಲ್ಲ, ಗೇಟು ಬಿಡಿಸಲು ಹೋದೆ.” ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿದ್ದನ್ನೂ ಹೇಳಿದೆ. ಒಂದು ಸಲ ಶುರುವಾದ ಮೇಲೆ ಎಲ್ಲವೂ ಬಂತು.

ಪ್ರೊಫೆಸರ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. ಬೈಯಲಿಲ್ಲ. ಹುಡುಗಿಯ ತಂದೆ ನನ್ನ ಕೈ ಹಿಡಿದಿದ್ದ ತಮ್ಮ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತಿದ್ದರು. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಅಂಕಲ್, ಆ ದಿನ ನೀವು ಗೇಟ್ ಇಲ್ಲ ಅಂತ ಫೋನಲ್ಲಿ ಹೇಳಿದ್ರೆ ಸಾಕಿತ್ತು. ಮುಂದಿನ ಗೇಟಿಂದ ಕಳಿಸಿ ಅಂತ ನಾನು ಹೇಳ್ತಿದ್ದೆ. ಟೈಮ್ ಇತ್ತು. ತುಂಬಾ ಟೈಮ್ ಇತ್ತು” ಎಂದಳು.



ಅವಳನ್ನು ಹೊರಗೆ ಹಾಕಲಿಲ್ಲ. ಕಣ್ಣಾರೆ ನೋಡದ್ದನ್ನು ನೋಡಿದ ಹಾಗೆ ಬರೆದದ್ದು ಅವಳ ತಪ್ಪೇ ಎಂದು ಪ್ರೊಫೆಸರ್ ಹೇಳಿದರಂತೆ. ಇಡೀ ಯೋಜನೆಯನ್ನು ಬೇರೆ ಕಡೆ ಮೊದಲಿನಿಂದ ಮಾಡಬೇಕಾಯಿತು. ಕಂಪನಿಯ ಮೇಲೆ ಕೇಸು ಬಿತ್ತು, ಮುಂದೆ ಭಟ್ಟಿಕಾಕನಿಗೆ ಪರಿಹಾರ ಕೊಡಲೇಬೇಕಾಯಿತು. ನನ್ನ ವೀಸಾ ಹೊಸದಾಗಲಿಲ್ಲ. ಅದರಲ್ಲಿ ಅನ್ಯಾಯವಾಯಿತು ಎಂದು ನನಗೆ ಅನಿಸಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಭಟ್ಟಿಕಾಕ ಅಷ್ಟರಲ್ಲಿ ಊರಿಗೆ ಹೋಗಿದ್ದ. ನಾನು ಊರಿಗೆ ಮರಳುವ ಟಿಕೆಟ್ ಆದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿದೆ. ನಾನು ಯೂನಿವರ್ಸಿಟಿಯಲ್ಲಿ ಒಪ್ಪಿಕೊಂಡದ್ದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಸಲಾಂ ಹೇಳಿ, ಕಾಲಿನ ಬಗ್ಗೆ, ಕೋಲು ಹಿಡಿದು ಅಂಗಳದವರೆಗೆ ನಡೆದದ್ದರ ಬಗ್ಗೆ ಸಂತೋಷದಿಂದ ಮಾತಾಡಿದ. ಅವನ ಮಾತು ಮುಗಿಯಲು ಬಿಟ್ಟು, ನನ್ನದನ್ನು ಹೇಳಿದೆ. ಹುಡುಗಿ ನನಗೆ ಒಪ್ಪಿಸಿದ್ದ ಡ್ರಿಲ್, ನಾನು ಕಳಿಸಿದ ಮೆಸೇಜು, ಗೇಟಿನ ಹತ್ತಿರ ನಾನೊಬ್ಬನೇ ಕಳೆದ ಹೊತ್ತು. ಫೋನ್ ಕಟ್ಟಾಯಿತೇನೋ ಎಂದು ನಾನೇ ಎರಡು ಸಲ ಹಲೋ ಎಂದೆ.

“ಇದ್ದೇನೆ” ಎಂದ. ಆಮೇಲೆ, “ಆ ಹುಡುಗಿಗೆ ನಾನು ಆ ದಿನ ಬಾಯಿಗೆ ಬಂದದ್ದು ಹೇಳಿದೆನಲ್ಲ. ನೀನು ಪಕ್ಕದಲ್ಲೇ ಕೂತಿದ್ದಿ” ಎಂದ.

“ಹೌದು.”

“ಹಣ್ಣು ಸುಲೀತಾ ಇದ್ದಿ.”

“ಹೌದು.”

“ಅವಳ ನಂಬರ್ ಕೊಡು.”

ಹೇಳಿದೆ. ಬರೆದುಕೊಂಡು ಒಮ್ಮೆ ಓದಿ ಸರಿಯಿದೆಯೇ ಎಂದು ಕೇಳಿದ. ಸರಿಯಿದೆ ಎಂದೆ. ಫೋನ್ ಇಟ್ಟ. ಅದೇ ದಿನ ಅವಳಿಗೆ ಫೋನ್ ಮಾಡಿ ಮಾತಾಡಿದನಂತೆ. ಇಬ್ಬರೂ ಅತ್ತರಂತೆ. ಆಮೇಲೆ ಆ ಹುಡುಗಿ ಉಡುಪಿಗೆ ರಜೆಯಲ್ಲಿ ಹೋದವಳು ಉಪ್ಪಿನಂಗಡಿಗೂ ಹೋಗಿ ಅವನ ಮನೆಯಲ್ಲಿ ಉಂಡು ಬಂದಳಂತೆ.

ನನ್ನ ಹತ್ತಿರ ಅವನು ಇನ್ನೂ ಮಾತಾಡಿಲ್ಲ.